ಹೊಗೆ ಸೋರುವ ಎಂಜಿನ್ನು

ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಟ್ರ್ಯಾಕ್ಟರಿನ ಎಂಜಿನ್ನನ್ನು ಕುರಿತು ಮಾತನಾಡಹೊರಟರೆ ಕೇಳುವವರಲ್ಲಿ ಕೆಲವರಾದರೂ ಹುಬ್ಬೇರಿಸಿಯಾರು. ಆದರೆ ನಾನು ಎಮ್ಮಿಗನೂರಿನವನು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಕಾಲುವೆಗಳಲ್ಲಿ ನೀರು ಹರಿದ ಮೇಲೆ ಕಂಪ್ಲಿ ಸೀಮೆಯ ಬೆದ್ದಲು ಹೊಲಗಳು ಬಹುಮಟ್ಟಿಗೆ ಗದ್ದೆಗಳಾದವು. ಗದ್ದೆಗೆ ಎತ್ತಿನ ಬೆನ್ನಿಗೇ ಟ್ರ್ಯಾಕ್ಟರೂ ಇಳಿಯಿತು. ಮೂವತ್ತು ನಲವತ್ತು ವರ್ಷ ದುಡಿದ ಟ್ರ್ಯಾಕ್ಟರುಗಳು ನಮ್ಮ ಕಡೆ ಇಂದಿಗೂ ಕೆಸರು ಕಲಸುತ್ತಿವೆ. ಬೆಳಗಿನ ಜಾವ ಅವುಗಳನ್ನು ಚಾಲೂ ಮಾಡಿದಾಗ ಕೇಳಿಬರುವ ಒಂದು ಸಣ್ಣ ಸದ್ದನ್ನು ಕುರಿತೇ ಈ ಮಾತು.

ಎಂಜಿನ್ನಿನ ಒಂದೊಂದು ಸಿಲಿಂಡರಿನಿಂದಲೂ ಸುಟ್ಟ ಹೊಗೆ ಬೇರೆ ಬೇರೆ ಬಾಯಿಯಿಂದ ಹೊರಬೀಳುತ್ತದೆ. ಅದನ್ನೆಲ್ಲ ಕೂಡಿಸಿಕೊಂಡು ಸೈಲೆನ್ಸರಿಗೆ ಒಪ್ಪಿಸುವ ಬೀಡು ಕಬ್ಬಿಣದ ಕವಲುಗೊಳವೆಗೆ ಮ್ಯಾನಿಫೋಲ್ಡ್ ಎಂದು ಹೆಸರು. ನಮ್ಮ ಕಾಲುವೆ ಒಂದಾಗಿ ಹೊರಟು ತೂಬು ತೂಬಿಗೂ ಹಲವಾಗಿ ಒಡೆಯುತ್ತದೆ. ಇಲ್ಲಿ ಹಲವು ಬಂದು ಒಂದಾಗುತ್ತವೆ. ಇದಕ್ಕೊಂದು ಪಾರಿಭಾಷಿಕ ಪದವನ್ನು ಕಟ್ಟುವ ಚಪಲ ನನ್ನಂಥವರಿಗೆ ಸಹಜ. ಆದರೆ ಕಂಪ್ಲಿಯ ಗ್ಯಾರೇಜಿನವರು ಅದನ್ನು ಎಂದೋ 'ಮನಿಪೋಲು' ಮಾಡಿಕೊಂಡಿದ್ದಾರೆ. ಅದು ಕನ್ನಡವಾಗಿಹೋಯಿತು, ನಾನು ತಕರಾರು ಮಾಡಲಾರೆ.

ಈ ಮನಿಪೋಲಿಗೂ ಎಂಜಿನ್ನಿನ ಹೆಡ್ಡಿಗೂ ನಡುವೆ ಒಂದು ತೆಳುವಾದ ಪ್ಯಾಕಿಂಗು ಇರುತ್ತದೆ. ಅದು ಸುಟ್ಟರೆ, ಬಿಗಿಹಿಡಿದ ಸ್ಟಡ್ಡು ಮುರಿದರೆ, ಇಲ್ಲವೆ ಬೀಡೇ ಬಿರಿದರೆ ಹೊಗೆ ಅಡ್ಡದಾರಿ ಹಿಡಿಯುತ್ತದೆ. ಎಂಜಿನ್ನು ನಿಮಿಷಕ್ಕೆ 700 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರೂ 350 ಬಾರಿ ಹೊಗೆ ಉಗುಳುತ್ತದೆ. ಅಷ್ಟು ಬಾರಿಯೂ ಸೋರುವ ಸಂದಿನಲ್ಲಿ 'ಟಿಕ್ ಟಿಕ್' ಎಂಬ ಸದ್ದು. ಲೋಹ ಕಾದು ಹಿಗ್ಗಿದ ಮೇಲೆ ಸಂದು ಕಿರಿದಾಗಿ ಸದ್ದು ಎಷ್ಟೋ ಸಲ ಅಡಗಿಹೋಗುತ್ತದೆ. 'ತಾನಾಗಿಯೇ ಸರಿಹೋಯಿತು' ಎಂದು ಮಾಲೀಕನು ಟವಲ್ಲು ಕೊಡವಿಕೊಂಡು ಮನೆಗೆ ನಡೆಯುವುದು ಆಗಲೇ.

ಹಾಗೆ ಅವನು ನಿಶ್ಚಿಂತನಾಗುವುದಕ್ಕೆ ಕಾರಣವಿಲ್ಲದೆ ಇಲ್ಲ. ಟರ್ಬೊ ಇಲ್ಲದ ಹಳೆಯ ಡೀಸೆಲ್ ಎಂಜಿನ್ನಿನ ಶಕ್ತಿ ಇದರಿಂದ ಹೆಚ್ಚೇನೂ ಕುಂದುವುದಿಲ್ಲ, ಡೀಸೆಲ್ಲು ವಿಶೇಷವಾಗಿ ಹೆಚ್ಚು ಕುಡಿಯುವುದಿಲ್ಲ. ನಷ್ಟವಾಗುವುದು ಬೇರೆಯವನಿಗೆ. ನೆಟ್ಟಗೆ ನಿಂತ ಸೈಲೆನ್ಸರು ಹೊಗೆಯನ್ನು ತಲೆಯ ಮೇಲಕ್ಕೆ ಒಯ್ಯಲೆಂದೇ ಇರುವುದು; ಬುಡದಲ್ಲಿಯೇ ಸೋರಿದರೆ ಅದು ಸೀಟಿನ ಮೇಲಿರುವವನ ಮುಖಕ್ಕೇ ಬರುತ್ತದೆ. ನಾಟಿಯ ಕಾಲದಲ್ಲಿ ಆ ಹುಡುಗ ದಿನಕ್ಕೆ ಹತ್ತು ಹನ್ನೆರಡು ಗಂಟೆ ಅಲ್ಲಿ ಕುಳಿತಿರುತ್ತಾನೆ. ಟ್ರ್ಯಾಕ್ಟರು ಅವನದಲ್ಲ, ಸಂಬಳಕ್ಕೆ ಬಂದವನು, ಸದ್ದಿನ ಬಗ್ಗೆ ದೂರು ಹೇಳುವ ಸಲಿಗೆ ಅವನಿಗಿಲ್ಲ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ನಿಸ್ಸಂದಿಗ್ಧವಾಗಿ ಸಾರಿತು. ಕಂಪ್ಲಿಯ ಹಿರಿಯ ಮೇಸ್ತ್ರಿಯೊಬ್ಬರಿಗೆ ಅದನ್ನು ಹೇಳಿದಾಗ ಅವರೇನೂ ಬೆರಗಾಗಲಿಲ್ಲ. "ಇದು ಇಂಜಿನ್ನಿಗೆ ಬಂದ ಬ್ಯಾನಿ ಅಲ್ಲ ಸಾರ್, ಮ್ಯಾಲೆ ಕುಂತೋನಿಗೆ ಬರೋ ಬ್ಯಾನಿ. ಅದಕ್ಕೇ ಯಾರೂ ರಿಪೇರಿಗೆ ತರಂಗಿಲ್ಲ" ಎಂದರು. ಪ್ಯಾಕಿಂಗಿನ ಬೆಲೆ ಒಬ್ಬಾಳಿನ ಒಂದು ದಿನದ ಕೂಲಿಗಿಂತ ಕಡಿಮೆ ಎಂಬುದನ್ನೂ ಅವರೇ ನೆನಪಿಸಿದರು. ಒಣಹುಲ್ಲು ಹೇರುವ ಕಾಲದಲ್ಲಿ ಆ ಸಂದಿನಿಂದ ಕಿಡಿ ಹಾರಿದರೆ ಏನಾದೀತೆಂಬುದನ್ನು ರೈತರಿಗೆ ನಾನು ಹೇಳಬೇಕಾದದ್ದಿಲ್ಲ.

ಪೆಟ್ರೋಲ್ ವಾಹನಗಳಲ್ಲಿ ಅಪಾಯ ಇನ್ನೂ ಹತ್ತಿರದ್ದು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರನ್ನು ಅಕ್ಕರೆಯಿಂದ ಇಟ್ಟುಕೊಂಡವರು ಈಗಲೂ ಇದ್ದಾರೆ. ಅದರ ಹಳೆಯ 1489 ಸಿ.ಸಿ. ಎಂಜಿನ್ನಿನಲ್ಲಿ ಗಾಳಿ ಒಳಬರುವ ಕೊಳವೆ, ಹೊಗೆ ಹೊರಹೋಗುವ ಕೊಳವೆ ಎರಡೂ ಒಂದೇ ಮಗ್ಗುಲಿನಲ್ಲಿವೆ. ಪೆಟ್ರೋಲಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಗಾಜು ಏರಿಸಿದ ಕಾರಿನಲ್ಲಿ ಎಲ್ಲರಿಗೂ ಒಮ್ಮೆಗೇ ತಲೆನೋವು ಬಂದರೆ ಬಿಸಿಲನ್ನು ದೂರದೆ ಕಾರು ನಿಲ್ಲಿಸಿ ಕೆಳಗಿಳಿಯತಕ್ಕದ್ದು.

ಸೋರಿಕೆಯನ್ನು ಹುಡುಕಬೇಕಾದುದು ಎಂಜಿನ್ನು ತಣ್ಣಗಿರುವಾಗ. ಸಂದಿನ ಬಳಿ ಮಸಿಯ ಗೀರು ಎಳೆದಿದ್ದರೆ ಅರ್ಧ ಉತ್ತರ ದೊರೆತಂತೆ. ಟ್ಯಾಪೆಟ್ಟಿನ ಸದ್ದೂ ಹೀಗೆಯೇ ಟಿಕ್ಕೆನ್ನುವುದರಿಂದ ಮೋಸಹೋಗುವುದುಂಟು. ಅದು ಎಂಜಿನ್ನಿನ ನೆತ್ತಿಯಿಂದ ಬರುತ್ತದೆ, ಹೊರೆ ಬಿದ್ದಾಗ ಅಷ್ಟಾಗಿ ಏರುವುದಿಲ್ಲ. ಹೊಗೆಯ ಸದ್ದು ಮಗ್ಗುಲಿನಿಂದ ಬರುತ್ತದೆ, ಹೊರೆ ಹೆಚ್ಚಿದಂತೆ ಜೋರಾಗುತ್ತದೆ. ಆಗ ತಾನೇ ಚಾಲೂ ಮಾಡಿದ ಡೀಸೆಲ್ ಎಂಜಿನ್ನಿನ ಸಂದಿನ ಉದ್ದಕ್ಕೂ ಊದುಬತ್ತಿಯೊಂದನ್ನು ಹಿಡಿದು ಸಾಗಿದರೆ ಅದರ ಹೊಗೆಯ ಎಳೆ ತಟ್ಟನೆ ಚದುರಿ ಜಾಗ ತೋರಿಸುತ್ತದೆ. ಪೆಟ್ರೋಲ್ ಎಂಜಿನ್ನಿನ ಬಳಿ ಮಾತ್ರ ಈ ಪೂಜೆ ಬೇಡ.

ಕೆಲಸದಲ್ಲಿ ಕಷ್ಟದ್ದೆಂದರೆ ತುಕ್ಕು ಹಿಡಿದ ನಟ್ಟುಗಳು. ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಜಗ್ಗುವವರಿದ್ದಾರೆ. ಸ್ಟಡ್ಡು ಹೆಡ್ಡಿನೊಳಗೇ ಮುರಿಯುವುದು ಹಾಗೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ತಣ್ಣನೆಯ ನಟ್ಟಿಗೆ ಬಿಟ್ಟು ನೆನೆಯಗೊಡಬೇಕು. ಬೆಳಿಗ್ಗೆ ಕೂದಲೆಳೆಯಷ್ಟು ಬಿಗಿದು, ಮತ್ತೆ ಸಡಿಲಿಸಿ, ಹೀಗೆ ಹಿಂದುಮುಂದಾಗಿ ಆಡಿಸುತ್ತ ಬಿಡಿಸಬೇಕು. ಇಷ್ಟಾದರೂ ಮುರಿಯಿತೆನ್ನಿ: ತುಂಡು ಹೊರಗೆ ಚಾಚಿದ್ದರೆ ಅದಕ್ಕೊಂದು ನಟ್ಟು ವೆಲ್ಡ್ ಮಾಡಿ ಆ ಬಿಸಿಯಲ್ಲಿಯೇ ತಿರುಗಿಸಿದರೆ ಬಹಳ ಸಲ ಬರುತ್ತದೆ. ಒಳಗೇ ಹುದುಗಿದ್ದರೆ ಸರಿಯಾಗಿ ನಡುವೆ ತೂತು ಕೊರೆದು ತೆಗೆಯಬೇಕು. ಅದು ಲೇತ್ ಇರುವವರ ಕೈಗೆ ಬಿಡತಕ್ಕ ಕೆಲಸ. ಒಂದು ಮುರಿದರೆ ಉಳಿದವೂ ಅದೇ ವಯಸ್ಸಿನವು, ಎಲ್ಲವನ್ನೂ ಬದಲಿಸುವುದು ಮೇಲು.

ಹಳೆಯ ಪ್ಯಾಕಿಂಗನ್ನು ಹೆರೆದು ತೆಗೆಯುವಾಗ ಒಂದು ಎಚ್ಚರ. ಹಿಂದಿನವು ಅನೇಕವು ಕಲ್ನಾರಿನವು. ಕಲ್ಲೂ ಹೌದು, ನಾರೂ ಹೌದು ಎಂಬ ಈ ಕನ್ನಡ ಪದ ನನಗೆ ಬಹು ಮೆಚ್ಚಿಕೆ. ವಸ್ತು ಮಾತ್ರ ಎದೆಗೂಡಿಗೆ ಶತ್ರು. ನೀರು ಚಿಮುಕಿಸಿ ಒದ್ದೆಮಾಡಿ ಹೆರೆಯಬೇಕು. ಒಣಗಿದ್ದನ್ನು ಉಜ್ಜಿ, ಕಂಪ್ರೆಸರಿನ ಗಾಳಿಯಿಂದ ಊದಬಾರದು.

ಬಿಚ್ಚಿದ ಮನಿಪೋಲನ್ನು ದಪ್ಪ ಗಾಜಿನ ಮೇಲೆ ಬೋರಲಿಟ್ಟು ನೋಡಿದರೆ ಅದು ಸೊಟ್ಟಗಾಗಿದೆಯೇ ಎಂಬುದು ತಿಳಿಯುತ್ತದೆ. ಅಡಿಯಲ್ಲಿ 0.2 ಮಿಲಿಮೀಟರಿನ ಫೀಲರ್ ಎಲೆ ಸಲೀಸಾಗಿ ಹೊಕ್ಕರೆ ಫೇಸಿಂಗಿಗೆ ಕೊಡಬೇಕು. ಸೊಟ್ಟ ಮುಖಕ್ಕೆ ಎರಡು ಪ್ಯಾಕಿಂಗು ಹಾಕುವ ಜಾಣತನ ಒಂದು ವಾರವೂ ಬಾಳುವುದಿಲ್ಲ. ಬಿರುಕಿಗೆ ಅಂಗಡಿಯ ಅಂಟನ್ನು ಮೆತ್ತುವುದೂ ಅಂಥದ್ದೇ. ಅದು ಆ ಉರಿಯಲ್ಲಿ ಸುಟ್ಟು ಉದುರುತ್ತದೆ.

ಬೀಡು ಬಿರಿಯುವುದೇಕೆ? ಸಂಡೂರಿನ ಅದಿರಿನ ಬೆಟ್ಟಗಳು ಇಲ್ಲಿಗೆ ದೂರವಲ್ಲ. ಹೊಳೆಯ ಆಚೆ ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯ ಕಾರ್ಖಾನೆಯಲ್ಲಿ ಎಂಜಿನ್ನಿನ ಬ್ಲಾಕುಗಳನ್ನೇ ಎರಕ ಹೊಯ್ಯುತ್ತಾರೆ. ಹಾಗೆಂದು ಬೀಡಿನ ಸ್ವಭಾವ ನಮ್ಮವರಿಗೆ ತಿಳಿದಿದೆಯೆಂದಲ್ಲ. ಅದರಲ್ಲಿ ನೂರಕ್ಕೆ ಮೂರರ ಆಸುಪಾಸಿನಲ್ಲಿ ಇಂಗಾಲವಿದೆ. ಒತ್ತಿದರೆ ತಡೆದೀತು, ಎಳೆದರೆ ತಡೆಯದು. ಅರ್ಧ ಮೀಟರು ಉದ್ದದ ಬೀಡು 400 ಡಿಗ್ರಿ ಕಾದರೆ ಸುಮಾರು 2 ಮಿಲಿಮೀಟರು ಬೆಳೆಯುತ್ತದೆ. ಹೀಗೆ ಕಾದುದನ್ನು ಸಂಜೆ ನೇರವಾಗಿ ಕಾಲುವೆಗೆ ಇಳಿಸಿ ಬಕೆಟ್ಟುಗಟ್ಟಲೆ ನೀರು ಸುರಿಯುವ ಪದ್ಧತಿ ನಮ್ಮಲ್ಲಿದೆ. ಹೊರಮೈ ಕುಗ್ಗುತ್ತದೆ, ಒಳಮೈ ಕುಗ್ಗದು. ನಡುವೆ ಬೀಡು ಸೀಳುತ್ತದೆ. ಎತ್ತಿಗೆ ಬೆವರು ಆರುವವರೆಗೂ ಮೈತೊಳೆಯದ ಹಿರಿಯರ ಮಕ್ಕಳು ಇದನ್ನು ಮಾಡುತ್ತಾರೆಂಬುದೇ ನನಗೆ ವಿಸ್ಮಯ.

ಬಿರಿದ ಬೀಡನ್ನು ಬೆಸೆಯಲಾಗದೆಂದಿಲ್ಲ. ಇಡಿಯ ತುಂಡನ್ನು ಮೊದಲು ಕಾಯಿಸಿ, ನಿಕ್ಕಲ್ ಕಡ್ಡಿಯಿಂದ ತುಸುತುಸುವೇ ಬಿಟ್ಟು ಬಿಟ್ಟು ಬೆಸೆದು, ಒಣ ಬೂದಿಯಲ್ಲಿ ಹೂತು ರಾತ್ರಿಯೆಲ್ಲ ಆರಲು ಬಿಡಬೇಕು. ಅವಸರದ ಬೆಸುಗೆ ತನ್ನ ಪಕ್ಕದಲ್ಲಿಯೇ ಹೊಸ ಬಿರುಕು ತರುತ್ತದೆ. ಹೊಸ ಮನಿಪೋಲು ಸಿಗುವಂತಿದ್ದರೆ ಅದನ್ನೇ ಕೊಳ್ಳಿರೆಂಬುದು ನನ್ನ ಅಭಿಪ್ರಾಯ.

ಕೂಡಿಸುವಾಗ ನಡುವಿನ ನಟ್ಟಿನಿಂದ ತೊಡಗಿ ಎರಡೂ ತುದಿಗಳತ್ತ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗಬೇಕು. ಬೀಡು ಹಿಗ್ಗಲು ಎಡೆ ಬೇಕಾದ್ದರಿಂದ ಕೈಪಿಡಿಯಲ್ಲಿ ಹೇಳಿದ ಬಿಗಿಯನ್ನು ಮೀರಬಾರದು. ಎರಡು ದಿನ ದುಡಿಸಿ, ಪೂರ್ತಿ ಆರಿದ ಮೇಲೆ ಎಲ್ಲ ನಟ್ಟುಗಳಿಗೂ ಮತ್ತೊಮ್ಮೆ ಪಾನಾ ಹಾಕಿ ನೋಡಬೇಕು. ಆಗ ತುಸು ತಿರುಗುವುದು ಸಹಜ. ಮೂರನೆಯ ಸಲವೂ ತಿರುಗುತ್ತಲೇ ಇದ್ದರೆ ಆ ಸ್ಟಡ್ಡಿನ ಥ್ರೆಡ್ಡು ಹಿಡಿಯುತ್ತಿಲ್ಲವೆಂದು ತಿಳಿದು ಅದನ್ನು ತೆಗೆಸಿ ಹೊಸದು ಹಾಕಿಸತಕ್ಕದ್ದು.