ನಾಡಿಗ: ಒಂದು ಮನೆತನದ ಹೆಸರಿನ ಕಥೆ

ಹೊಸಬರು ಮನೆಗೆ ಬಂದರೆ ಮೊದಲು ಹೆಸರು ಕೇಳುತ್ತೇವೆ, ಆಮೇಲೆ ಊರು, ಊರು ತಿಳಿದ ಮೇಲೆ, "ಯಾರ ಪೈಕಿ?" ಎಂದು ವಿಚಾರಿಸುತ್ತೇವೆ. ಈ ಮೂರನೆಯ ಪ್ರಶ್ನೆಗೆ ಉತ್ತರವಾಗಿ ಬರುವುದೇ ಮನೆತನದ ಹೆಸರು. ಧಾರವಾಡದ ಕಡೆ ಇದನ್ನು ಅಡ್ಡಹೆಸರು ಎನ್ನುತ್ತಾರೆ. ಕುಲಕರ್ಣಿ, ಪಾಟೀಲ, ದೇಸಾಯಿ, ಶಾನುಭೋಗ ಮುಂತಾದ ಹೆಸರುಗಳು ಊರೂರಿಗೂ ಸಿಗುತ್ತವೆ. ಅವುಗಳ ಅರ್ಥ ಏನೆಂದು ಯಾರೂ ಕೇಳುವುದಿಲ್ಲ. ಇನ್ನು ಕೆಲವು ಹೆಸರುಗಳುಂಟು. ಒಂದು ಪೇಟೆಯಲ್ಲಿ ಒಂದೋ ಎರಡೋ ಮನೆಗೆ ಮಾತ್ರ ಇರುತ್ತವೆ. ಕೇಳಿದವರು, "ಹೀಗೆಂದರೇನು?" ಎಂದು ಕೇಳಿಯೇ ಕೇಳುತ್ತಾರೆ. ಅಂಥ ಹೆಸರುಗಳಲ್ಲಿ ಒಂದು "ನಾಡಿಗ". ಈ ಮೂರಕ್ಷರದ ಬೆನ್ನು ಹತ್ತಿ ಹೋದರೆ ನಮ್ಮ ನಾಡಿನ ಸಾವಿರ ವರ್ಷದ ಆಡಳಿತದ ಚಿತ್ರವೇ ಕಾಣುತ್ತದೆ.

ಮೊದಲು ಶಬ್ದವನ್ನು ಬಿಡಿಸಿ ನೋಡೋಣ. "ನಾಡು" ಎಂಬ ನಾಮಪದಕ್ಕೆ "ಇಗ" ಎಂಬ ತದ್ಧಿತ ಪ್ರತ್ಯಯ ಸೇರಿದರೆ "ನಾಡಿಗ" ಆಗುತ್ತದೆ. ಗಾಣ ನಡೆಸುವವನು ಗಾಣಿಗ, ಲೆಕ್ಕ ಇಡುವವನು ಲೆಕ್ಕಿಗ, ಕನ್ನಡದವನು ಕನ್ನಡಿಗ. ಹಾಗೆಯೇ ನಾಡಿಗೆ ಸಂಬಂಧಿಸಿದವನು ನಾಡಿಗ. ಶಾಲೆಯಲ್ಲಿ ವ್ಯಾಕರಣ ಕಲಿತವರಿಗೆಲ್ಲ ಇದು ಗೊತ್ತಿರುವ ಸಂಗತಿಯೇ. ಆದರೆ ಇಷ್ಟರಿಂದ ಅರ್ಥ ಪೂರ್ತಿಯಾಗಲಿಲ್ಲ. ನಾಡಿನಲ್ಲಿರುವವರೆಲ್ಲರೂ ನಾಡಿಗೆ ಸಂಬಂಧಿಸಿದವರೇ ಅಲ್ಲವೆ? ಒಂದು ಮನೆಯವರನ್ನು ಮಾತ್ರ ನಾಡಿಗರೆಂದು ಕರೆದದ್ದೇಕೆ?

ಇದಕ್ಕೆ ಉತ್ತರ "ನಾಡು" ಎಂಬ ಮಾತಿನ ಹಳೆಯ ಅರ್ಥದಲ್ಲಿದೆ. ಇಂದು ನಾಡೆಂದರೆ ಕರ್ನಾಟಕವೆಲ್ಲ ನಮ್ಮ ಕಣ್ಣ ಮುಂದೆ ಬರುತ್ತದೆ. ನಾಡಗೀತೆ, ನಾಡಹಬ್ಬ ಎನ್ನುವಾಗ ಇರುವುದು ಆ ಅರ್ಥ. ಶಾಸನಗಳ ಕಾಲದಲ್ಲಿ ನಾಡು ಎಂಬುದಕ್ಕೆ ಇನ್ನೊಂದು ಅರ್ಥವೂ ಇತ್ತು. ಅದು ಊರಿಗಿಂತ ದೊಡ್ಡದು, ಪ್ರಾಂತಕ್ಕಿಂತ ಚಿಕ್ಕದು. ಇಂದಿನ ಹೋಬಳಿಗೋ ತಾಲ್ಲೂಕಿಗೋ ಹೋಲಿಸಬಹುದಾದ ಒಂದು ವಿಭಾಗ. ಬನವಾಸಿ ಹನ್ನೆರಡು ಸಾವಿರ ಎಂಬ ದೊಡ್ಡ ಪ್ರಾಂತದ ಹೆಸರನ್ನು ನೀವು ಕೇಳಿರಬಹುದು. ಅದರೊಳಗೆ ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು, ಎಡೆನಾಡು ಎಪ್ಪತ್ತು ಎಂದು ಸಣ್ಣ ಸಣ್ಣ ನಾಡುಗಳಿದ್ದವು. ಇಂಥ ಸಣ್ಣ ನಾಡುಗಳ ಹೆಸರಿನ ಜೊತೆಗಿರುವ ಎಪ್ಪತ್ತು ಎಂಬ ಸಂಖ್ಯೆ ಅಷ್ಟು ಹಳ್ಳಿಗಳನ್ನು ಹೇಳುತ್ತದೆಂದು ವಿದ್ವಾಂಸರು ಸಾಮಾನ್ಯವಾಗಿ ತಿಳಿಯುತ್ತಾರೆ.

ಈ ನಾಡಿಗೆ ಒಬ್ಬ ಮುಖ್ಯಸ್ಥನಿದ್ದ. ಅವನಿಗೆ ಶಾಸನಗಳಲ್ಲಿ ನಾಳ್ಗಾವುಂಡ ಎಂದು ಹೆಸರು. ಅವನೆಂದೆ, ಅವಳೂ ಇದ್ದಳು. ರಾಷ್ಟ್ರಕೂಟರ ಎರಡನೆಯ ಕೃಷ್ಣನ ಕಾಲದಲ್ಲಿ, ಎಂದರೆ ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ನಾಗಾರ್ಜುನನು ತೀರಿಕೊಂಡನು. ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂದಿತು. ಹೆಣ್ಣಾದರೂ ಸಮರ್ಥಳಾಗಿ ನಾಡನ್ನು ನೋಡಿಕೊಂಡಳೆಂದು, ಕಡೆಗೆ ರೋಗ ಬಂದಾಗ ಮಗಳಿಗೆ ಅಧಿಕಾರ ಒಪ್ಪಿಸಿ ಬಂದಳಿಕೆಯಲ್ಲಿ ವ್ರತದಿಂದ ದೇಹ ಬಿಟ್ಟಳೆಂದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಶಾಸನವೊಂದು ಹೇಳುತ್ತದೆ. ನಾಡಿನ ಅಧಿಕಾರ ಮನೆತನದಲ್ಲಿ ಇಳಿದು ಬರುತ್ತಿತ್ತು ಎಂಬುದಕ್ಕೆ ಇದೊಂದು ಸೊಗಸಾದ ಸಾಕ್ಷಿ. ಅಧಿಕಾರ ಮನೆತನಕ್ಕೆ ಅಂಟಿಕೊಂಡ ಮೇಲೆ ಅದರ ಹೆಸರೂ ಅಂಟಿಕೊಳ್ಳುವುದು ಸಹಜವೇ.

ಯಜಮಾನನೊಬ್ಬನಿಂದಲೇ ಆಡಳಿತ ನಡೆಯುವುದಿಲ್ಲ, ಬರೆಯುವವನೊಬ್ಬ ಬೇಕು. ಯಾವ ಹೊಲ ಯಾರದು, ಎಷ್ಟು ತೆರಿಗೆ, ಯಾವುದು ದೇವರಿಗೆ ಬಿಟ್ಟದ್ದು, ಯಾವುದು ಪಾಳುಬಿದ್ದದ್ದು ಎಂಬುದನ್ನು ಬರೆದಿಡುವವನು ಸೇನಬೋವ. ಈ ಸೇನಬೋವ ಎಂಬ ಶಬ್ದವೇ ಬಾಯಿಂದ ಬಾಯಿಗೆ ಸವೆದು ಸೇನಭೋಗ, ಶಾನುಭೋಗ, ಶಾನಭಾಗ ಎಂದು ಬದಲಾಗಿದೆ. ಊರಿಗೊಬ್ಬ ಶಾನುಭೋಗ, ಊರೂರಿನ ಲೆಕ್ಕಗಳನ್ನು ಒಟ್ಟುಗೂಡಿಸಿ ಇಡೀ ನಾಡಿನ ಲೆಕ್ಕವನ್ನು ಇಡುವವನು ನಾಡಿಗ. ಗೌಡನಿಗೂ ಶಾನುಭೋಗನಿಗೂ ಊರಿನಲ್ಲಿ ಯಾವ ಸಂಬಂಧವೋ, ನಾಡಗೌಡನಿಗೂ ನಾಡಿಗನಿಗೂ ನಾಡಿನಲ್ಲಿ ಅದೇ ಸಂಬಂಧ. ಒಬ್ಬನದು ದಂಡ, ಇನ್ನೊಬ್ಬನದು ಕಂಠ ಎನ್ನಬಹುದು. ಕಂಠವೆಂದರೆ ಬರೆಯುವ ಕಬ್ಬಿಣದ ಲೇಖನಿ.

ಈಗ ಹೆಸರು ಏಕೆ ವಿರಳವಾಯಿತೆಂಬುದು ತಾನಾಗಿಯೇ ತಿಳಿಯುತ್ತದೆ. ನಾಡಿನಲ್ಲಿ ಎಪ್ಪತ್ತು ಹಳ್ಳಿಗಳಿದ್ದರೆ ಎಪ್ಪತ್ತು ಶಾನುಭೋಗರ ಮನೆಗಳಿರುತ್ತವೆ. ಆದರೆ ನಾಡಿಗರ ಮನೆ ಒಂದೇ. ಕುಲಕರ್ಣಿಗಳು ಊರೂರಿಗೆ ಇರುವುದೂ, ನಾಡಿಗರು ಹುಡುಕಿದರೆ ಮಾತ್ರ ಸಿಗುವುದೂ ಆಕಸ್ಮಿಕವಲ್ಲ. ಹಳೆಯ ಆಡಳಿತದ ಮೆಟ್ಟಿಲುಗಳು ನಮ್ಮ ಹೆಸರುಗಳ ಎಣಿಕೆಯಲ್ಲಿ ಹಾಗೆಯೇ ಉಳಿದುಕೊಂಡಿವೆ.

ಇನ್ನು ಈ ಹೆಸರು ಎಲ್ಲೆಲ್ಲಿ ಯಾವ ಯಾವ ರೂಪದಲ್ಲಿದೆ ಎಂಬುದನ್ನು ನೋಡೋಣ. ಮಲೆನಾಡಿನಲ್ಲಿ, ಶಿವಮೊಗ್ಗ ಚಿಕ್ಕಮಗಳೂರು ಜಿಲ್ಲೆಗಳಲ್ಲಿ, ಅಲ್ಲಿಂದ ಮೂಡಲಿಗೆ ಬಯಲುಸೀಮೆಯ ಅಂಚಿನಲ್ಲಿ, ಶುದ್ಧವಾದ "ನಾಡಿಗ" ರೂಪವೇ ಇದೆ. ಕವಿ ಸುಮತೀಂದ್ರ ನಾಡಿಗರು 1935ರಲ್ಲಿ ಹುಟ್ಟಿದ್ದು ಮಲೆನಾಡಿನ ಕಳಸದಲ್ಲಿ. ಅವರು 2018ರಲ್ಲಿ ತೀರಿಕೊಂಡರು. ನಗೆಬರಹಕ್ಕೆ ಹೆಸರಾದ ನಾಡಿಗೇರ ಕೃಷ್ಣರಾಯರನ್ನೂ ಇಲ್ಲಿ ನೆನೆಯಬೇಕು. ಇವರಿಬ್ಬರ ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಬ್ಬರಲ್ಲಿ ಮನೆತನದ ಹೆಸರು ಕೊನೆಗೆ ಬಂದಿದೆ; ಇನ್ನೊಬ್ಬರಲ್ಲಿ ಮೊದಲಿಗೇ ಬಂದಿದೆ. ಮೊದಲಿಗೆ ಬಂದಾಗ "ನಾಡಿಗ" ಹೋಗಿ "ನಾಡಿಗೇರ" ಆಗಿದೆ. ಇದು ಷಷ್ಠೀ ವಿಭಕ್ತಿಯ ರೂಪ. ನಾಡಿಗೇರ ಕೃಷ್ಣರಾಯ ಎಂದರೆ ನಾಡಿಗರ ಮನೆಯ ಕೃಷ್ಣರಾಯ. ಬಡಿಗರ ಮನೆಯವರು ಬಡಿಗೇರ, ಗಾಣಿಗರ ಮನೆಯವರು ಗಾಣಿಗೇರ ಆದಂತೆಯೇ ಇದು. ಆಡುಮಾತು ವಿಭಕ್ತಿ ಪ್ರತ್ಯಯವನ್ನು ಹೆಸರಿನೊಳಗೇ ಸೇರಿಸಿಕೊಂಡುಬಿಟ್ಟಿದೆ.

ತುಂಗಭದ್ರೆಯನ್ನು ದಾಟಿ ಧಾರವಾಡದ ಕಡೆಗೆ ಹೋದರೆ "ನಾಡಗೀರ" ಎಂಬ ರೂಪ ಸಿಗುತ್ತದೆ. ಸಂಗೀತಪ್ರಿಯರಿಗೆ ಕುಂದಗೋಳದ ನಾಡಗೀರ ವಾಡೆ ಹೊಸದಲ್ಲ. ಅಬ್ದುಲ್ ಕರೀಂಖಾನರ ಶಿಷ್ಯರಾದ ಸವಾಯಿ ಗಂಧರ್ವರು 1886ರಲ್ಲಿ ಹುಟ್ಟಿದ್ದು ಕುಂದಗೋಳದಲ್ಲಿ. ಅಲ್ಲಿಯ ನಾಡಗೀರ ಮನೆತನದ ಆಶ್ರಯದಲ್ಲಿ ಹಿಂದೂಸ್ತಾನಿ ಸಂಗೀತ ಬೇರೂರಿತು. ಭೀಮಸೇನ ಜೋಶಿಯವರೂ ಗಂಗೂಬಾಯಿ ಹಾನಗಲ್ಲರೂ ಪಾಠ ಕಲಿತದ್ದು ಆ ಊರಿನಲ್ಲೇ. ಲೆಕ್ಕ ಬರೆಯುವ ಮನೆತನದ ಅಂಗಳದಲ್ಲಿ ತಾಳದ ಲೆಕ್ಕವೂ ತಪ್ಪದೆ ನಡೆಯಿತೆಂಬುದು ಸಂತೋಷದ ಸಂಗತಿ. ಇರಲಿ, "ಗೀರ" ಎಂಬ ಕೊನೆಯನ್ನು ಕೇಳಿ ಜಹಗೀರು ಎಂಬ ಪಾರಸಿ ಮಾತು ನೆನಪಿಗೆ ಬರುವುದುಂಟು. ಆದರೆ ಅಷ್ಟು ದೂರ ಹೋಗಬೇಕಾಗಿಲ್ಲವೆಂದು ನನ್ನ ಅಭಿಪ್ರಾಯ. ಆ ಕಡೆಯ ದಫ್ತರಗಳು ಮರಾಠರ ಕಾಲದಲ್ಲಿ ಮೋಡಿ ಅಕ್ಷರದಲ್ಲಿದ್ದವು. ಮೋಡಿ ಬರವಣಿಗೆಯಲ್ಲಿ ಇಕಾರಕ್ಕೆ ಹ್ರಸ್ವ ದೀರ್ಘದ ಭೇದವಿಲ್ಲ. ಕನ್ನಡದ ನಾಡಿಗೇರ ಬೇರೆ ಲಿಪಿಯಲ್ಲಿ, ಬೇರೆ ಬಾಯಲ್ಲಿ ನಾಡಗೀರವಾದದ್ದು ಆಶ್ಚರ್ಯವಲ್ಲ. ದೇಶಪಾಂಡೆ ಎಂಬ ಹೆಸರೂ ಇದೇ ಹುದ್ದೆಯದು. ನಾಡಿನ ಲೆಕ್ಕಿಗನಿಗೆ ಮರಾಠಿ ಕೊಟ್ಟ ಹೆಸರು ಅದು. ಅದೇ ರೀತಿ ದೇಸಾಯಿಗೆ ನಾಡಗೌಡ ಜೋಡಿ. ವಿಜಯಪುರ, ಬಾಗಲಕೋಟೆ, ರಾಯಚೂರಿನ ಕಡೆ ನಾಡಗೌಡರು ಇಂದಿಗೂ ಇದ್ದಾರೆ.

ಘಟ್ಟ ಇಳಿದರೆ ಮೂರನೆಯ ಸೋದರ ಎದುರಾಗುತ್ತಾನೆ. ಅವನೇ "ನಾಡಕರ್ಣಿ". ಕರಣವೆಂದರೆ ಲೆಕ್ಕಪತ್ರ, ಅದನ್ನು ನೋಡುವವನು ಕರಣಿಕ. ಊರಿನ ಕುಳಗಳ ಲೆಕ್ಕ ಇಟ್ಟವನು ಕುಳಕರಣಿಯಾದಂತೆ ನಾಡಿನ ಲೆಕ್ಕ ಇಟ್ಟವನು ನಾಡಕರ್ಣಿಯಾದ. ಉತ್ತರ ಕನ್ನಡದ ಕರಾವಳಿ, ಗೋವೆ, ಅಲ್ಲಿಂದ ಮುಂದೆ ಸಾವಂತವಾಡಿ, ಮುಂಬಯಿಯವರೆಗೆ ಈ ಹೆಸರಿದೆ. ಇವರಲ್ಲಿ ಹೆಚ್ಚಿನವರ ಮನೆಮಾತು ಕೊಂಕಣಿ. ಆದರೂ ಹೆಸರಿನ ಮೊದಲಲ್ಲಿ ನಿಂತಿರುವ ನಾಡು ನಮ್ಮದು. ಕದಂಬರೂ ವಿಜಯನಗರದ ಅರಸರೂ ಗೋವೆಯನ್ನು ಆಳಿದ ಕಾಲದ ಕನ್ನಡ ಆಡಳಿತದ ಗುರುತು ಅದು. 1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಮೇಲೆ ನಡೆದ ಟೆಸ್ಟ್ ಪಂದ್ಯದಲ್ಲಿ ಬಾಪೂ ನಾಡಕರ್ಣಿಯವರು ಒಂದರ ಮೇಲೊಂದರಂತೆ 21 ಓವರುಗಳನ್ನು ಒಂದು ಓಟವನ್ನೂ ಕೊಡದೆ ಎಸೆದರು. ಅವರು ಹುಟ್ಟಿದ್ದು ದೂರದ ನಾಸಿಕದಲ್ಲಿ. ಕನ್ನಡದ "ನಾಡು" ಗೋದಾವರಿಯ ದಡದವರೆಗೆ ಒಂದು ಹೆಸರಿನ ಹೆಗಲೇರಿ ಹೋಗಿತ್ತು.

ಹುದ್ದೆಗಳೇನಾದವು? 1818ರಲ್ಲಿ ಪೇಶ್ವೆಯರ ಆಳಿಕೆ ಮುಗಿದ ಮೇಲೆ ಮುಂಬಯಿ ಕರ್ನಾಟಕದಲ್ಲಿ ಮಾಮಲೇದಾರರು ವಸೂಲಿ ನೋಡಿಕೊಂಡರು. ಮೈಸೂರು ಸೀಮೆಯಲ್ಲಿ ಆ ಕೆಲಸ ಅಮಲ್ದಾರರ ಕಚೇರಿಗೆ ಸೇರಿತು. ಊರಿಗೆ ಶಾನುಭೋಗ ಬೇಕಾಗಿದ್ದ. ನಾಡಿಗೆ ಮಾತ್ರ ನಾಡಿಗ ಬೇಕಾಗಲಿಲ್ಲ. ಹೀಗೆ ಮೇಲಿನ ಮೆಟ್ಟಿಲು ಮೊದಲು ಸವೆಯಿತು. ಮುಂಬಯಿ ಸರ್ಕಾರ 1950ರಲ್ಲಿ ಪರಗಣೆಯ ಮತ್ತು ಕುಲಕರ್ಣಿಗಳ ವತನುಗಳನ್ನು ರದ್ದುಪಡಿಸುವ ಕಾಯಿದೆ ಮಾಡಿತು. ಮೈಸೂರು ರಾಜ್ಯದ 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು, ಶಾನುಭೋಗಿಕೆ ಪಟೇಲಿಕೆಗಳೂ ಮುಗಿದವು. ಹುಟ್ಟಿನಿಂದ ಅಧಿಕಾರ ಬರುವುದು ನಿಂತಿತು. ಅದು ನ್ಯಾಯವೇ ಆಯಿತು. ಹೆಸರು ಮಾತ್ರ ಉಳಿಯಿತು. ತಮಾಷೆಯೆಂದರೆ ನಾಡು ಎಂಬ ಹಳೆಯ ಮಾತು ಇನ್ನೊಂದು ಬಾಗಿಲಿನಿಂದ ಮತ್ತೆ ಒಳಗೆ ಬಂದಿದೆ. ಇಂದು ಜಾತಿ ಆದಾಯದ ಪತ್ರಕ್ಕಾಗಿ ನಾವು ಹೋಬಳಿಯ ನಾಡಕಚೇರಿಗೆ ಹೋಗುತ್ತೇವಷ್ಟೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಹೆಸರೊಂದೇ ಆದರೆ ಮನೆತನವೂ ಒಂದೇ ಎಂದು ಜನ ತಿಳಿಯುತ್ತಾರೆ. ಗಂಡಿನವರೂ ನಾಡಿಗರು, ಹೆಣ್ಣಿನವರೂ ನಾಡಿಗರು. ದಾಯಾದಿಗಳಾಗಿರಬಹುದೆಂದು ಹೆದರಿ, ಗೋತ್ರವನ್ನು ಕೂಡ ಕೇಳದೆ ಒಳ್ಳೆಯ ಸಂಬಂಧವನ್ನು ಬಿಟ್ಟುಬಿಡುವ ಹಿರಿಯರಿದ್ದಾರೆ. ನಾಡುಗಳು ಅನೇಕ, ಪ್ರತಿ ನಾಡಿಗೂ ಅದರದೇ ನಾಡಿಗ. ಇಬ್ಬರು ತಹಸೀಲ್ದಾರರು ಅಣ್ಣತಮ್ಮಂದಿರಾಗಬೇಕಾಗಿಲ್ಲವಲ್ಲ! ಸ್ಮಾರ್ತರಲ್ಲಿಯೂ ಮಾಧ್ವರಲ್ಲಿಯೂ ನಾಡಿಗರುಂಟು, ನಾಡಗೌಡರಲ್ಲಿ ವೀರಶೈವರು ಹೆಚ್ಚು, ನಾಡಕರ್ಣಿಗಳು ಸಾರಸ್ವತರು. ಹೆಸರು ಹೇಳುವುದು ಹಿರಿಯರ ಉದ್ಯೋಗವನ್ನೇ ಹೊರತು ರಕ್ತವನ್ನಲ್ಲ. ಒಂದು ಹೆಸರಿನಿಂದ ಒಂದೇ ಮೂಲಪುರುಷನನ್ನು ಕಟ್ಟಿ, ಅವನಿಗೆ ಅರಸನಿಂದ ಆನೆ ಅಂಬಾರಿ ಕೊಡಿಸುವ ವಂಶಾವಳಿಗಳನ್ನು ನಂಬುವ ಮೊದಲು ಸ್ವಲ್ಪ ನಿಧಾನಿಸುವುದು ಒಳ್ಳೆಯದು.

ಇನ್ನೊಂದು ಮಾತು ಬರವಣಿಗೆಯದು. ಶಾಲೆಯ ಹಾಜರಿ ಪುಸ್ತಕದಲ್ಲಿ ಈಗ "ನಾಡಿಗ್" ಎಂದು ಕೊನೆಯ ಅಕ್ಷರವನ್ನು ಅರ್ಧ ಮಾಡಿ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ ಕನ್ನಡವನ್ನು ತಿದ್ದಿಕೊಂಡಂತಾಯಿತು. ಕನ್ನಡಿಗನನ್ನು ನಾವು ಕನ್ನಡಿಗ್ ಎನ್ನುತ್ತೇವೆಯೆ? ಮೈಸೂರಿನ ಕಡೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಒಂದೊಂದು ಅಕ್ಷರಕ್ಕಿಳಿಸಿ, ಮನೆತನದ ಹೆಸರನ್ನು ಪೂರ್ತಿಯಾಗಿ ಕೈಬಿಟ್ಟಿದ್ದಾರೆ. ಪರದೇಶಕ್ಕೆ ಹೊರಟ ಹುಡುಗ ರಹದಾರಿಗೆ ಅರ್ಜಿ ಬರೆಯುವಾಗ, "ನಮ್ಮ ಮನೆತನದ ಹೆಸರೇನು?" ಎಂದು ಅಜ್ಜಿಯನ್ನು ಕೇಳಬೇಕಾಗುತ್ತದೆ. ಅಜ್ಜಿ ಇದ್ದರೆ ಪುಣ್ಯ.

ಹೆಸರಿಗಿಂತ ಬೇಗ ಹಾಳಾಗುತ್ತಿರುವುದು ಇನ್ನೊಂದಿದೆ. ಲೆಕ್ಕದ ಮನೆತನಗಳ ಅಟ್ಟದಲ್ಲಿ ಕಡತಗಳಿರುತ್ತವೆ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಬರೆದ ಕಪ್ಪು ಪುಸ್ತಕ ಕಡತ. ಕಚೇರಿಯ ಫೈಲಿಗೆ ನಾವು ಇಂದು ಹೇಳುವ ಕಡತವೆಂಬ ಹೆಸರು ಬಂದದ್ದು ಅದರಿಂದಲೇ. ಶೃಂಗೇರಿ ಮಠದ ಕಡತಗಳು ಚರಿತ್ರೆಗೆ ಎಷ್ಟು ಉಪಕಾರ ಮಾಡಿವೆಯೆಂಬುದು ವಿದ್ವಾಂಸರಿಗೆ ತಿಳಿದಿದೆ. ಯಾವ ಕೆರೆಯ ನೀರು ಯಾವ ಗದ್ದೆಗೆ ಹರಿಯುತ್ತಿತ್ತು, ಯಾವ ಬರಗಾಲದಲ್ಲಿ ಯಾರ ತೆರಿಗೆ ಮನ್ನಾ ಆಯಿತು ಎಂಬುದೆಲ್ಲ ಇಂಥ ಕಡತಗಳಲ್ಲಿ ಸಿಗಬಹುದು. ಓದಲು ಬಾರದೆಂದು ಅದನ್ನು ಒಲೆಗೆ ಹಾಕಬೇಡಿ, ಹಳೆ ಸಾಮಾನಿನವನಿಗೆ ಕೊಡಬೇಡಿ. ಬಳಪದ ಬರಹ ಒದ್ದೆ ಬಟ್ಟೆ ತಾಗಿದರೆ ಅಳಿಸಿಹೋಗುತ್ತದೆ. ಆದ್ದರಿಂದ ಒರೆಸಲೂ ಹೋಗಬೇಡಿ. ಒಣಗಿದ ಜಾಗದಲ್ಲಿಟ್ಟು, ಕೆಳದಿಯ ವಸ್ತುಸಂಗ್ರಹಾಲಯಕ್ಕೋ ಹತ್ತಿರದ ವಿಶ್ವವಿದ್ಯಾನಿಲಯದ ಹಸ್ತಪ್ರತಿ ವಿಭಾಗಕ್ಕೋ ಒಂದು ಕಾಗದ ಬರೆಯಿರಿ.

ಇಂದು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ: ನಮ್ಮ ಮನೆತನದ ಹೆಸರೇನು? ಅದು ಯಾವ ಊರಿನಿಂದ ಬಂದಿತು? ಆ ಹೆಸರಿನ ಕೆಲಸವೇನಾಗಿತ್ತು? ಉತ್ತರವನ್ನು ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ. ನಾಡಿಗರು ನಾಡಿಗೆಲ್ಲ ಮಾಡುತ್ತಿದ್ದ ಕೆಲಸವನ್ನು ನಿಮ್ಮ ಮನೆಯ ಮಟ್ಟಿಗೆ ನೀವು ಮಾಡಿದಂತಾಗುತ್ತದೆ.