ಬುದ್ಧಿ ಹಲ್ಲು ತೆಗೆಸಿದ ದಿನ ಹೊಟ್ಟೆ ಯಾಕೆ ತೊಳಸುತ್ತೆ?

ಬುದ್ಧಿ ಹಲ್ಲು ತೆಗೆಸೋದು ಅಂದ್ರೆ ಎಲ್ಲರಿಗೂ ನೋವಿನದೇ ಭಯ. ನನ್ನನ್ನ ಆ ದಿನ ನೋವಿಗಿಂತ ಹೆಚ್ಚು ಕಾಡಿದ್ದು ವಾಕರಿಕೆ. ಬಾಯಲ್ಲಿ ಹೊಲಿಗೆ, ತುಟಿ ಮರಗಟ್ಟಿದೆ, ಮಂಪರು ಇಳಿದಿಲ್ಲ. ಈಗ ವಾಂತಿ ಬಂದ್ರೆ ಏನ್ ಗತಿ ಅಂತ ಗಾಬರಿ!

ವಾಕರಿಕೆಗೆ ಒಂದೇ ಕಾರಣ ಇರಲ್ಲ. ಮುಖ್ಯವಾಗಿ ಮೂರು. ಮೊದಲ ಕೆಲವು ಗಂಟೆಗಳಲ್ಲಿ ಬಂದ್ರೆ ಸಾಮಾನ್ಯವಾಗಿ ಮಂಪರಿನ ಔಷಧಿಯದು. ಎರಡನೆಯದು, ನುಂಗಿದ ರಕ್ತ. ಅದು ಹೊಟ್ಟೆಯನ್ನ ಕೆರಳಿಸುತ್ತೆ. ಮೂರನೆಯದು, ಸಂಜೆಯಿಂದ ಶುರುವಾಗೋ ಮಾತ್ರೆಗಳು. ಟ್ರಮಡಾಲ್‌ನಂಥ ನೋವಿನ ಮಾತ್ರೆ ಮೆದುಳಿನ ಮಟ್ಟದಲ್ಲೇ ವಾಂತಿ ಎಬ್ಬಿಸಬಹುದು. ಐಬುಪ್ರೊಫೆನ್, ಕೆಲವು ಆಂಟಿಬಯಾಟಿಕ್‌ಗಳು ಖಾಲಿ ಹೊಟ್ಟೆಗೆ ಒಗ್ಗಲ್ಲ.

ಯಾರಿಗೆ ಇದು ಜಾಸ್ತಿ? ಪೂರ್ತಿ ಅರಿವಳಿಕೆ ಪಡೆದವರ ಬಗ್ಗೆ 1999ರಲ್ಲಿ ಕ್ರಿಶ್ಚಿಯನ್ ಆಪ್ಫೆಲ್ ಮತ್ತು ಸಂಗಡಿಗರು ಒಂದು ಸರಳ ಲೆಕ್ಕ ಕೊಟ್ಟರು. ನಾಲ್ಕೇ ಅಂಶ: ಹೆಣ್ಣಾಗಿರೋದು, ಸಿಗರೇಟು ಸೇದದಿರೋದು, ಪ್ರಯಾಣದಲ್ಲಿ ಅಥವಾ ಹಿಂದಿನ ಸರ್ಜರಿ ಆದಮೇಲೆ ವಾಂತಿ ಆಗಿರೋದು, ಸರ್ಜರಿ ನಂತರ ಓಪಿಯಾಯ್ಡ್ ನೋವಿನ ಔಷಧಿ ತಗೊಳ್ಳೋದು. ಒಂದೂ ಇಲ್ಲದವರಲ್ಲಿ 100ಕ್ಕೆ ಸುಮಾರು 10 ಮಂದಿಗೆ ತೊಂದರೆ. ನಾಲ್ಕೂ ಇದ್ರೆ ಸುಮಾರು 80. ಹಾಗಂತ ಸಿಗರೇಟು ಹಚ್ಚಬೇಡಿ, ಗಾಯ ಮಾಯೋದು ತಡವಾಗುತ್ತೆ!

ನಂಗೆ ಚಾರ್ಮಾಡಿ ಘಾಟಿ ಹತ್ತಿದ್ರೆ ಕವರ್ ಕೈಯಲ್ಲೇ ಇರಬೇಕು. ಅದನ್ನ ಡಾಕ್ಟರಿಗೆ ಮೊದಲೇ ಹೇಳಿದ್ದೆ. ಮಂಪರು ಕೊಡುವಾಗಲೇ ಆಂಡಾನ್‌ಸೆಟ್ರಾನ್ ಕೊಟ್ಟರು. ಪೂರ್ತಿ ತಪ್ಪಲಿಲ್ಲ, ಆದ್ರೆ ವಾಂತಿವರೆಗೆ ಹೋಗಲಿಲ್ಲ. ನೀವೂ ಈ ಒಂದು ಮಾತು ಮರೀಬೇಡಿ: "ಡಾಕ್ಟ್ರೇ, ನಂಗೆ ಬಸ್ಸಲ್ಲಿ ವಾಂತಿ ಆಗುತ್ತೆ." ಎಷ್ಟು ಹೊತ್ತು ಏನೂ ತಿನ್ನಬಾರದು, ಕುಡಿಯಬಾರದು ಅನ್ನೋದನ್ನೂ ಕೇಳಿಕೊಳ್ಳಿ.

ಮನೆಗೆ ಬಂದಮೇಲೆ ತಲೆ ಎತ್ತರಕ್ಕಿಟ್ಟು ಒರಗಿ. ತಟ್ಟನೆ ಏಳಬೇಡಿ. ನೀರು ಗುಟುಕು ಗುಟುಕಾಗಿ ಕುಡೀರಿ, ಸ್ಟ್ರಾ ಬೇಡ. ಅದು ನಿಂತ್ರೆ ಉಗುರುಬೆಚ್ಚಗಿನ ತೆಳು ಗಂಜಿ, ಆಮೇಲೆ ಮಾತ್ರೆ. ಗಾಜ್ ಕಚ್ಚಿಕೊಂಡೇ ಇರಿ, ರಕ್ತ ಹೊಟ್ಟೆಗೆ ಹೋಗೋದು ಕಡಿಮೆಯಾಗುತ್ತೆ.

ವಾಂತಿ ಬಂದೇಬಿಡ್ತು ಅಂದ್ರೆ? ಮೊದಲು ಗಾಜ್ ಹೊರಗೆ ತೆಗೀರಿ. ಮುಂದಕ್ಕೆ ಬಾಗಿ. ಮಲಗಿದ್ರೆ ಪಕ್ಕಕ್ಕೆ ಹೊರಳಿ. ಆಮೇಲೆ ಜೋರಾಗಿ ಮುಕ್ಕಳಿಸೋದು, ಉಗುಳೋದು ಬೇಡ. ಗಾಯದ ಮೇಲಿನ ರಕ್ತದ ಹೆಪ್ಪು ಕಿತ್ತುಬರಬಹುದು. ಬಾಯಿಗೆ ನೀರು ತಗೊಂಡು ಹಾಗೇ ಹೊರಗೆ ಬಿಡಿ. ಮಾತ್ರೆ ವಾಂತಿಯಲ್ಲಿ ಹೋಗಿದ್ರೆ ನೀವಾಗೇ ಇನ್ನೊಂದು ನುಂಗಬೇಡಿ, ಫೋನ್ ಮಾಡಿ ಕೇಳಿ. ಮಾತ್ರೆಯಿಂದಲೇ ಹೀಗಾಗ್ತಿದೆ ಅನ್ನಿಸಿದ್ರೂ ಹೇಳಿ, ಬದಲಾಯಿಸಿ ಕೊಡಬಹುದು.

ವಾಂತಿಯಲ್ಲಿ ಸ್ವಲ್ಪ ಕಪ್ಪು ರಕ್ತ ಇದ್ರೆ ಅದು ಹೆಚ್ಚಾಗಿ ನುಂಗಿದ್ದೇ. ಆದ್ರೆ ಕೆಂಪು ರಕ್ತ ನಿಲ್ಲದೆ ಬಂದ್ರೆ, ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ರೆ, ಉಸಿರಾಟಕ್ಕೆ ಕಷ್ಟವಾದ್ರೆ, ಎಬ್ಬಿಸಿದ್ರೂ ಸರಿಯಾಗಿ ಏಳದಿದ್ರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಈ ಕೊನೆಯದನ್ನ ಗಮನಿಸೋಕೆ ನಿಮ್ಮ ಕೈಲಿ ಆಗಲ್ಲ. ಅದಕ್ಕೇ ಆ ರಾತ್ರಿ ರೂಮಲ್ಲಿ ಒಬ್ಬರೇ ಇರಬೇಡಿ. ಪಿಜಿಯಲ್ಲಿದ್ರೆ ಒಬ್ಬ ಫ್ರೆಂಡನ್ನ ಕರ್ಕೊಂಡು ಬನ್ನಿ, ಈ ಎಪಿಸೋಡನ್ನೂ ಅವರಿಗೇ ಕಳಿಸಿ.