ಕೊಳೆಯುವುದು ಮತ್ತು ಉಳಿಯುವುದು: ಕಾರ್ಖಾನೆಯ ನೀರು, ಹಸಿರುಮನೆಯ ತರಕಾರಿ



ಕಾರ್ಖಾನೆ ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ ಹಸಿರುಮನೆಯ ತರಕಾರಿಗೆ ಉಣಿಸಬಹುದೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ನೀರಿನಲ್ಲಿರುವ ಕಶ್ಮಲ ಎರಡು ಬಗೆಯದು. ಸಕ್ಕರೆ, ಪಿಷ್ಟ, ಹಣ್ಣಿನ ಲೋಳೆ ಮುಂತಾದವುಗಳನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಉಪ್ಪು, ಕ್ರೋಮಿಯಂ, ಕ್ಯಾಡ್ಮಿಯಂಗಳು ಎಂದೂ ಕೊಳೆಯುವುದಿಲ್ಲ. ಕ್ಯಾಡ್ಮಿಯಂ ಅಂತೂ ಸೊಪ್ಪಿನ ಮೂಲಕ ಊಟದ ಎಲೆಗೇ ಬರುತ್ತದೆ.

ನೆದರ್‌ಲೆಂಡ್ಸಿನ ಡಿಂಟೆಲೋರ್ಡ್‌ನಲ್ಲಿ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಕಾರ್ಖಾನೆಯಿದೆ. ಗೆಡ್ಡೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಕಾರ್ಖಾನೆಯ ನೀರನ್ನು ಶುದ್ಧೀಕರಿಸಿ, ಸೂಕ್ಷ್ಮ ಪೊರೆಗಳ ಮೂಲಕ ಹಾಯಿಸಿ ಉಪ್ಪನ್ನೂ ತೆಗೆದು, ನೆರೆಯ ಗಾಜಿನ ಮನೆಗಳ ತರಕಾರಿಗೆ ಒದಗಿಸುವ ವ್ಯವಸ್ಥೆಯನ್ನು ಅಲ್ಲಿ ರೂಪಿಸಲಾಯಿತು. ನೀರು ದೊರೆಯುವುದು ಗೆಡ್ಡೆ ಅರೆಯುವ ಚಳಿಯ ತಿಂಗಳುಗಳಲ್ಲಿ. ಗಿಡಕ್ಕೆ ಬೇಕಾಗುವುದು ಬೇಸಿಗೆಯಲ್ಲಿ. ಆದುದರಿಂದ ಅದನ್ನು ಕೊಳವೆಬಾವಿಗಳ ಮೂಲಕ ನೆಲದಡಿಯ ಮರಳಿನ ಪದರದಲ್ಲಿ ಕೂಡಿಟ್ಟು ಮರಳಿ ಮೇಲೆತ್ತುತ್ತಾರೆ.

ತಮಿಳುನಾಡಿನ ತಿರುಪ್ಪೂರಿನ ಕಥೆ ಬೇರೆ. ಬಟ್ಟೆಗೆ ಬಣ್ಣ ಹಿಡಿಸಲು ಅಪಾರ ಉಪ್ಪು ಬೇಕು. ಅಲ್ಲಿನ ಸಾಮೂಹಿಕ ಶುದ್ಧೀಕರಣ ಘಟಕಗಳಿಂದ ಹೊರಬಂದ ನೀರಿನಲ್ಲಿಯೂ ಉಪ್ಪು ಹಾಗೆಯೇ ಉಳಿಯಿತು. ನೀರಾವರಿಗೆಂದು ನೊಯ್ಯಲ್ ನದಿಗೆ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಕೊಳಚೆಯ ಮಡುವಾಯಿತು. ಹೊಲ, ಬಾವಿ ಕೆಟ್ಟ ರೈತರು ನ್ಯಾಯಾಲಯದ ಮೆಟ್ಟಿಲೇರಿದರು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚುವಂತೆ ಆದೇಶಿಸಿತು.

ಹಸಿರುಮನೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬಯಲಿನ ಉಪ್ಪನ್ನು ಮಳೆ ತೊಳೆಯುತ್ತದೆ. ಮಾಡಿನ ಕೆಳಗೆ ಮಳೆಯಿಲ್ಲ. ಲೆಕ್ಕ ಹಾಕಿ ನೋಡಿ: ಲೀಟರಿಗೆ 1 ಗ್ರಾಂ ಉಪ್ಪಿರುವ ನೀರನ್ನು ಚದರ ಮೀಟರಿಗೆ ದಿನಕ್ಕೆ 4 ಲೀಟರಿನಂತೆ ಕೊಟ್ಟರೆ, 100 ದಿನಗಳಲ್ಲಿ 400 ಗ್ರಾಂ ಉಪ್ಪು ಬೀಳುತ್ತದೆ. 1000 ಚದರ ಮೀಟರಿನ ಹಸಿರುಮನೆಗೆ ಅದು 400 ಕಿಲೋ. ಗಿಡ ನೀರನ್ನು ಹೀರುತ್ತದೆ, ಬಹುಪಾಲು ಉಪ್ಪನ್ನು ಬೇರಿನ ಬಳಿಯೇ ಬಿಡುತ್ತದೆ. ಅದನ್ನು ತೊಳೆದು ಹೊರಹಾಕಿದರೆ ಕೆಳಗಿನ ಮನೆಯವರ ಬಾವಿಗೆ ಇಳಿಯುತ್ತದೆ.

ಮಲೆನಾಡಿನ ಕಾಫಿ ಪಲ್ಪಿಂಗ್ ನೀರಿನ ಕಶ್ಮಲ ಬಹುಮಟ್ಟಿಗೆ ಕೊಳೆಯುವ ಬಗೆಯದು. ಹಳ್ಳಕ್ಕೆ ಬಿಟ್ಟರೆ ಅದು ನೀರಿನ ಆಮ್ಲಜನಕವನ್ನು ಹೀರಿ ಮೀನುಗಳನ್ನು ಕೊಲ್ಲುತ್ತದೆ. ಸುಣ್ಣದಿಂದ ಹುಳಿ ತಗ್ಗಿಸಿ, ನೀರು ಇಂಗದ ಹೊಂಡಗಳಲ್ಲಿ ಸೂಕ್ಷ್ಮಜೀವಿಗಳಿಗೆ ಒಪ್ಪಿಸಿ, ಪರೀಕ್ಷಿಸಿದ ಮೇಲೆ ಅದು ಬೆಳೆಗೆ ಉಪಯುಕ್ತವಾಗಬಲ್ಲದು. ಮಾಡಿನ ಮಳೆನೀರನ್ನು ಕೂಡಿಟ್ಟು ಬೆರೆಸುವುದು, ಎಲೆ ಕಾಯಿಗಳಿಗೆ ತಾಗದಂತೆ ಹನಿ ನೀರಾವರಿಯಲ್ಲಿ ಕೊಡುವುದು ಇನ್ನೂ ಕ್ಷೇಮ.

ಯಾವುದೇ ಕಾರ್ಖಾನೆ ಉಚಿತವಾಗಿ ನೀರು ಕೊಡುತ್ತೇನೆಂದು ಊರಿಗೆ ಬಂದಾಗ, ಪೈಪು ಹೂಳುವ ಮೊದಲೇ ಗ್ರಾಮಸಭೆ ಮೂರು ಪ್ರಶ್ನೆಗಳನ್ನು ಕೇಳಬೇಕು. ಈ ನೀರು ಏನನ್ನು ತೊಳೆದು ಬಂದಿದೆ? ಶುದ್ಧೀಕರಣದ ನಂತರವೂ ಉಪ್ಪು, ಲೋಹ ಎಷ್ಟು ಉಳಿದಿವೆ? ತೆಗೆದ ಉಪ್ಪನ್ನು ಎಲ್ಲಿ ಸುರಿಯುತ್ತಾರೆ? ಉತ್ತರವನ್ನು ಪ್ರಯೋಗಾಲಯದ ವರದಿಯ ರೂಪದಲ್ಲಿಯೇ ಪಡೆಯಬೇಕು. ನೀರು ಕಣ್ಣಿಗೆ ತಿಳಿಯಾಗಿ ಕಂಡರೆ ಸಾಲದು. ಕರಗಿದ ಉಪ್ಪು ಕಣ್ಣಿಗೆ ಕಾಣುವುದಿಲ್ಲ.